ಹೆಂಡತಿಯ ಹೇರ್ ಡ್ರೈಯರ್‌ಗೆ, ಅವ್ವನ ಈಳಿಗೆಯ ವಿಚಾರವಾಗಿ

ಮಂಡ್ಯದ ಗುತ್ತಲಿನ ನಮ್ಮ ಮನೆಯ ಬೀರುವಿನಲ್ಲಿ, ಸದ್ಯ ಮೂತಿ ಕರಗಿದ ಸ್ಥಿತಿಯಲ್ಲಿ ವಿರಾಜಮಾನರಾಗಿರುವ ಹೇರ್ ಡ್ರೈಯರ್ ಅವರ ಸನ್ನಿಧಾನಕ್ಕೆ, ವೃತ್ತಿಯಲ್ಲಿ ಗುಮಾಸ್ತನೂ ಮೂರು ತಿಂಗಳಿಂದ ಹವ್ಯಾಸಿ ಕಮ್ಮಾರನೂ ಆದ ಸ್ವಾಮಿ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಮೊಬೈಲಿನಲ್ಲಿ ಗಡ್ಡದ ವಿದೇಶಿಯೊಬ್ಬರು ಕತ್ತಿ ತಟ್ಟುವುದನ್ನು ನೋಡಿ ನನಗೂ ಕುಲುಮೆ ಹಾಕುವ ಹುಚ್ಚು ಹಿಡಿದಾಗ, ಗಾರೆ ಕೆಲಸದ ಹಳೆ ಬಾಂಡ್ಲಿ ಒಲೆಯಾಯಿತು, ಮುಚ್ಚಿಹೋದ ಆಲೆಮನೆಯ ಗಾಣದ ಉರುಳೆ ಕಬ್ಬಿಣ ಬಡಿಯುವ ಅಡಿಗಲ್ಲಾಯಿತು, ತೆಂಗಿನ ಚಿಪ್ಪು ಇದ್ದಿಲಾಯಿತು. ಗಾಳಿಯೂದಲು ತಿದಿಯಿಲ್ಲದೆ ಕೂತಿದ್ದ ನನಗೆ, ಪತ್ನಿ ಮಂಜುಶ್ರೀಯವರ ತಲೆಗೂದಲಿನ ಸೇವೆಯಲ್ಲಿದ್ದ ತಾವು ಒಲಿದು ಬಂದಿರಿ. ಒಲಿದು ಬಂದಿರಿ ಎಂಬುದು ಸೌಜನ್ಯದ ಮಾತು, ಅವರು ಮನೆಯಲ್ಲಿಲ್ಲದಾಗಲೆಲ್ಲ ನಾನು ಕದ್ದು ತಂದೆ. ಇಷ್ಟು ದಿನದಲ್ಲಿ ನಾವಿಬ್ಬರೂ ಸೇರಿ ತಯಾರಿಸಿದ್ದು ಒಂದೇ ಒಂದು ಮೊಳೆ, ಅದೂ ಗೋಡೆಗೆ ಹೊಡೆದರೆ ಬಗ್ಗುತ್ತದೆ.

ಹೀಗಿರಲು ಯುಗಾದಿಯ ಬೆಳಿಗ್ಗೆ ನನ್ನ ಅವ್ವ ಮುದ್ದಮ್ಮ, ಮದುವೆಯಾಗಿ ಬರುವಾಗ ಬೆಳಕವಾಡಿಯಿಂದ ತಂದ ತನ್ನ ಈಳಿಗೆಮಣೆಯನ್ನು ನನ್ನ ಮುಂದಿಟ್ಟು, "ನಾಳೀಕೆ ವರ್ಸ್ತೊಡಕು, ಬಾಡು ಕುಯ್ಬೇಕು, ಆಚಾರ್ರತ್ರ ತಟ್ಟುಸ್ಕೊಂಡು ಬಾ ಕಣ್ಲಾ" ಎಂದಳು. ಮನೆಯಲ್ಲೇ ಕಮ್ಮಾರನಿರುವಾಗ ಆಚಾರ್ರ ಕುಲುಮೆಯಿರುವ ದುದ್ದದವರೆಗೆ ಹೋಗುವುದು ಅವಮಾನವೆನಿಸಿ, ನಾನು ಅಲಗನ್ನು ಮಣೆಯಿಂದ ಕಳಚಿ ತಮ್ಮ ಸುಪರ್ದಿಗೆ ಒಪ್ಪಿಸಿದೆ.

ತಮ್ಮ ಕರ್ತವ್ಯನಿಷ್ಠೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಸಹೋದ್ಯೋಗಿ ಪ್ರಸನ್ನನಿಗೆ ಫೋನಿನಲ್ಲಿ ನನ್ನ ಕುಲುಮೆಯ ವೈಭವವನ್ನು ಬಣ್ಣಿಸುತ್ತಾ ನಾನು ಹತ್ತು ನಿಮಿಷ ಆಚೆ ತಿರುಗಿದ್ದರೂ ತಾವು ಮೂತಿ ಕರಗುವವರೆಗೂ ಒಂದೇ ಸಮನೆ ಊದುತ್ತಲೇ ಇದ್ದಿರಿ. ಬೇರೆ ಯಾರಾದರೂ ಮೇಲಧಿಕಾರಿ ಬೆನ್ನು ತಿರುಗಿಸಿದ ಕೂಡಲೇ ಟೀ ಕುಡಿಯಲು ಎದ್ದು ಹೋಗುತ್ತಿದ್ದರು, ನಮ್ಮ ಕಚೇರಿಯಲ್ಲಿ ಅದೇ ಪದ್ಧತಿ. ನಾನು ತಿರುಗಿ ನೋಡುವಷ್ಟರಲ್ಲಿ ಅಲಗು ಬೆಳ್ಳಗೆ ಕಾದು ಸುರುಸುರುಬತ್ತಿಯಂತೆ ಕಿಡಿ ಕಾರುತ್ತಿತ್ತು. ಗಾಬರಿಯಲ್ಲಿ ಬಕೆಟ್ಟಿನ ತಣ್ಣೀರಿಗೆ ಅದ್ದಿ, ಉರುಳೆಯ ಮೇಲಿಟ್ಟು ಒಂದೇ ಪೆಟ್ಟು ಕೊಟ್ಟೆ, ಎರಡು ತುಂಡಾಯಿತು.

ದಿನಕ್ಕೊಮ್ಮೆಯಾದರೂ ನನ್ನನ್ನು ಬೈಯದೆ ಬಿಡದ ಅವ್ವ, ಮಾನ್ಯರೇ, ಅಂದು ಬೈಯುವುದನ್ನೂ ಮರೆತು ಆ ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಮಸಿ ಒರೆಸಿ, ಒಂದಕ್ಕೊಂದು ಜೋಡಿಸಿ ನೋಡಿದಳು. ತಪ್ಪು ನನ್ನದೆಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲದ ಕಾರಣ ಈ ಪತ್ರ.

ಆದ್ದರಿಂದ ತಾವು ದಯಮಾಡಿ ಒಮ್ಮೆ ಹಿಮ್ಮುಖವಾಗಿ ಊದಿ ಅಲಗನ್ನು ಮೊದಲಿನಂತೆ ಕೂಡಿಸಿಕೊಡಬೇಕು, ತವರಿನಿಂದ ಭಾನುವಾರ ಬರಲಿರುವ ಮಂಜುಶ್ರೀಯವರಿಗೆ ತಮ್ಮ ಮೂತಿ ಸ್ವಂತ ಇಚ್ಛೆಯಿಂದ ಕರಗಿತೆಂದು ಬರೆದುಕೊಡಬೇಕು, ಮುಂದೆ ಗಾಳಿಯ ಜೊತೆ ಒಂದಿಷ್ಟು ಬುದ್ಧಿಯನ್ನೂ ನನ್ನ ಕಡೆ ಊದಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮ ಗಾಳಿಯನ್ನೇ ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಸ್ವಾಮಿ

ವಿ.ಸೂ.: ಬೀದಿಯವರೆಲ್ಲ ಸೇರಿ ಹಾಕಿಸಿದ ಗುಡ್ಡೆ ಬಾಡಿನಲ್ಲಿ ನಮ್ಮ ಪಾಲಿನ ನಾಲ್ಕು ಕೆ.ಜಿ. ಮಾಂಸ ಹಾಗೇ ಉಳಿಯಿತೆಂದು ತಾವು ಮರುಗಬೇಕಿಲ್ಲ. ಮಾರನೆಯ ಬೆಳಿಗ್ಗೆ ಅವ್ವ ಮೋಟು ಅಲಗನ್ನು ಒಗೆಯುವ ಕಲ್ಲಿಗೆ ಮಸೆದು, ಮಣೆಗೆ ಸಿಕ್ಕಿಸಿ, ಹತ್ತು ಗಂಟೆಯೊಳಗೆ ಅಷ್ಟನ್ನೂ ಕುಯ್ದು ಮುಗಿಸಿದಳು. ನಡುವೆ ನನ್ನ ಕಡೆ ನೋಡಿ ಹೇಳಿದ್ದು ಇಷ್ಟೇ: "ಅತ್ಲಾಗೋಗಿ ಬೆಳ್ಳುಳ್ಳಿನಾದ್ರೂ ಸುಲಿ ಕಣ್ಲಾ, ಅದ್ಕೆ ಕರೆಂಟು ಬೇಡ."