ಕ್ಯಾಪಿನ ಮೂಲೆ

ನನ್ನ ಮುಂದಿನ ಹಲ್ಲುಗಳಲ್ಲಿ ಒಂದು ನನ್ನದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆಗೆ ಮುಂಚೆ ಬೈಕಿನಿಂದ ಬಿದ್ದು ಮುರಿದುಕೊಂಡ ಹಲ್ಲಿನ ಮೇಲೆ ಸಿರಾಮಿಕ್ ಕ್ಯಾಪ್ ಕೂತಿದೆ. ಹನ್ನೆರಡು ವರ್ಷ ಅದು ಅಕ್ಕಪಕ್ಕದ ಅಸಲಿ ಹಲ್ಲುಗಳಿಗಿಂತ ಮರ್ಯಾದೆಯಿಂದ ಬಾಳಿತು. ಮೊನ್ನೆ ಇಂಡಿ ಪಟ್ಟಣದ ನನ್ನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಖಡಕ್ ರೊಟ್ಟಿ ಕಚ್ಚಿದೆ. ರೊಟ್ಟಿಗೆ ಏನೂ ಆಗಲಿಲ್ಲ, ಕ್ಯಾಪಿನ ಮೂಲೆ ಹಾರಿತು.

ಹೆಂಡತಿ ಮುದ್ದೇಬಿಹಾಳದಲ್ಲಿ ಶಿಕ್ಷಕಿ, ನಾನು ಇಲ್ಲಿ ಗುಮಾಸ್ತ. ಭಾನುವಾರ ನಾನು ಬಸ್ಸು ಹತ್ತುವುದು ವಾಡಿಕೆ. ಈ ಸಲ ಸರ್ವೆ ಕೆಲಸ ನಾಲ್ಕು ಭಾನುವಾರಗಳನ್ನು ನುಂಗಿತ್ತು. ಆಕೆಯ ತಾಯಿ ಕಾಲು ಮುರಿದುಕೊಂಡು ಮಲಗಿದ್ದರಿಂದ ಆಕೆಯೂ ಬರುವಂತಿರಲಿಲ್ಲ. ದಿನಾ ಫೋನಿನಲ್ಲಿ ಮಾತಾಡುತ್ತಿದ್ದೆವು ನಿಜ, ಆದರೆ ಮಾತಿನಲ್ಲಿ ಹಲ್ಲು ಕಾಣುವುದಿಲ್ಲವಲ್ಲ.

ಕಚೇರಿಯಲ್ಲಿ ಮೂರು ದಿನ ಕರ್ಚೀಫು ಬಾಯಿಗೆ ಒತ್ತಿಕೊಂಡು ಓಡಾಡಿದೆ. ಯಾರಾದರೂ ಕೇಳಿದರೆ ಹೇಳಲೆಂದು ರೊಟ್ಟಿಗಿಂತ ಗೌರವಸ್ಥ ಕಾರಣವೊಂದನ್ನೂ ಹೊಸೆದಿಟ್ಟಿದ್ದೆ. ಯಾರೂ ಕೇಳಲಿಲ್ಲ. ನಾಲ್ಕನೇ ದಿನ ಕರ್ಚೀಫು ತೆಗೆದು ಬೇಕೆಂದೇ ಎಲ್ಲರೆದುರು ಹಲ್ಲು ಕಿರಿದೆ. ಪಕ್ಕದ ಮೇಜಿನವರು, ಪ್ರಮೋಷನ್ ಬಂತೇನ್ರಿ ಎಂದು ಕೇಳಿ ಫೈಲಿಗೆ ಮರಳಿದರು.

ಅಂದೇ ಸಂಜೆ ದಂತವೈದ್ಯೆಯ ಬಳಿ ಹೋದೆ. ಕ್ಯಾಪನ್ನೇ ಕೀಳುತ್ತಾರೆಂದು ಹೆದರಿದ್ದೆ. ಅದು ಗಟ್ಟಿಯಾಗಿ ಕೂತಿದೆ, ಮುರಿದ ಅಂಚನ್ನು ಒರಟು ಮಾಡಿ ಹಲ್ಲಿನ ಬಣ್ಣದ ಸಿಮೆಂಟು ಕೂರಿಸಿದರೆ ಸಾಕು ಎಂದರು. ಬಣ್ಣ ಹೊಂದಿಸಲು ಮಾದರಿ ಹಲ್ಲುಗಳ ಸಾಲನ್ನು ನನ್ನ ತುಟಿಯ ಹತ್ತಿರ ಹಿಡಿದು ನಗಲು ಹೇಳಿದರು. ನಕ್ಕೆ.

"ಖರೇನ ನಗ್ರಿ, ಸರ."

ಬರಲಿಲ್ಲ. ಕೊನೆಗೆ ಅವರೇ ಬೆರಳಿನಿಂದ ತುಟಿ ಎತ್ತಿ ನೋಡಿಕೊಂಡರು. ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡಿ, ಉಜ್ಜಿ ನುಣುಪಾಗಿಸುವ ತನಕ ಹತ್ತು ಸಲವಾದರೂ, ನೋಯ್ತೈತೇನ್ರಿ ಎಂದು ಕೇಳಿದರು. ನೋವೇನೂ ಇರಲಿಲ್ಲ. ಆದರೂ ಆ ಪ್ರಶ್ನೆ ನಿಂತುಹೋಗಬಾರದೆಂದು ಒಂದೆರಡು ಸಲ ಹೂಂ ಅಂದೆ.

ಕೋಣೆಗೆ ಬಂದವನೇ ಹೆಂಡತಿಗೆ ವಿಡಿಯೋ ಕಾಲ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿ, ಫೋನನ್ನು ಬಾಯಿಗೆ ತಾಗುವಷ್ಟು ಹತ್ತಿರ ಹಿಡಿದು, ಯಾವ ಹಲ್ಲು ಮುರಿದಿತ್ತು ಗುರುತಿಸು ನೋಡೋಣ ಎಂದೆ.

"ಹಲ್ಲ ಇರ್ಲಿ ಬಿಡ್ರಿ. ಫೋನ್ ದೂರ ಹಿಡೀರಿ. ನಿಮ್ಮ ಮಾರಿ ನೋಡಿ ತಿಂಗಳಾತು."

ದೂರ ಹಿಡಿದೆ. ಅಷ್ಟು ಜತನದಿಂದ ರಿಪೇರಿ ಮಾಡಿಸಿದ ಹಲ್ಲನ್ನು ತೋರಿಸಲು ಆಗಲೇ ಇಲ್ಲ. ತುಟಿ ನಡುಗತೊಡಗಿದಾಗ ಬಾಯಿ ಮುಚ್ಚಿಕೊಳ್ಳುವುದೊಂದೇ ದಾರಿ. ನೆಟ್‌ವರ್ಕ್ ಹೋಯಿತೆಂದು ಸುಳ್ಳು ಹೇಳಿ ಪಾರಾಗೋಣವೆಂದರೆ, ಅವತ್ತು ಇಂಡಿಯಲ್ಲಿ ನೆಟ್‌ವರ್ಕ್ ಎಂದೂ ಇಲ್ಲದಷ್ಟು ಚೆನ್ನಾಗಿತ್ತು.