ಮೊಮ್ಮಗಳ ಸಿನಿಮಾಕ್ಕೆ ನಾನು ದೆವ್ವ ಹುಡುಕಿಕೊಟ್ಟದ್ದು

ದೆವ್ವದ ವಿಷಯದಲ್ಲಿ ಸಿಂಧನೂರಿನ ನಮ್ಮ ಓಣಿಯಲ್ಲಿ ನನಗಿಂತ ಹೆಚ್ಚು ತಿಳಿದವರು ಯಾರೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಿ ಸುಮ್ಮನಿದ್ದರೆ ಚಿಂತೆಯಿರಲಿಲ್ಲ, ಹೇಳಿಕೊಂಡು ತಿರುಗಿದ್ದೆ. ಹುಣಸೆಮರದ ದೆವ್ವ ಯಾವುದು, ಹಾಳುಬಾವಿಯ ದೆವ್ವ ಯಾವುದು, ಯಾವುದರ ಪಾದ ಹಿಂದುಮುಂದು, ಯಾವುದು ಬರೀ ಸುಣ್ಣ ಕೇಳಿ ಹೋಗುತ್ತದೆ, ಎಲ್ಲವನ್ನೂ ಬೆರಳು ಮಡಿಚಿ ಹೇಳುತ್ತಿದ್ದೆ. ಒಂದನ್ನೂ ನೋಡಿರಲಿಲ್ಲ. ಆದರೆ ಅದನ್ನು ಯಾರೂ ಕೇಳಿರಲಿಲ್ಲ!

ಕೇಳಿದವಳು ನನ್ನ ಮೊಮ್ಮಗಳು ರೇಣುಕಾ.

ಅವಳು ಆಗ ಲಿಂಗಸುಗೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ತೊಂಬತ್ತನೇ ಇಸವಿ ದಾಟಿತ್ತು. ಮದುವೆಗಳಿಗೆ ವಿಡಿಯೋದವರು ಬಂದು ಉಣ್ಣುವವರ ಬಾಯಿಗೆ ಲೈಟು ಹಿಡಿಯುವ ಕಾಲ. ಅವಳ ಗುರುಗಳು ಹುಡುಗ ಹುಡುಗಿಯರಿಗೆಲ್ಲ ಒಂದು ಕೆಲಸ ಕೊಟ್ಟಿದ್ದರು. ಅಂಜಿಕೆ ಹುಟ್ಟಿಸುವ ಸಿನಿಮಾ ಮಾಡಬೇಕು. ಪೂರ್ತಿ ಅಲ್ಲ, ಆರಂಭ ಮಾತ್ರ, ಎರಡೇ ನಿಮಿಷ. ಚೆನ್ನಾಗಿ ಮಾಡಿದ ಒಬ್ಬರನ್ನು ಧಾರವಾಡಕ್ಕೆ ಮೂರು ತಿಂಗಳು ಕ್ಯಾಮೆರಾ ಕಲಿಯಲು ಕಳಿಸುತ್ತಾರೆ.

ಅವಳು ರಜೆಗೆ ಬಂದ ದಿನ ಅವಳಪ್ಪ, ಅಂದರೆ ನನ್ನ ಮಗ ಬಸವರಾಜ, ಊಟದ ತಾಟಿನ ಮುಂದೆಯೇ ತೀರ್ಪು ಕೊಟ್ಟ.

"ಆರಿಸಿದ್ರ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಆರಿಸಲಿಲ್ಲಂದ್ರ ಸುಮ್ಮನ ಟೈಪಿಂಗ್ ಕ್ಲಾಸಿಗೆ ಸೇರು. ಆಮ್ಯಾಗ ಕ್ಯಾಮೆರಾ ಗೀಮೆರಾ ಅಂತ ಮನ್ಯಾಗ ಮಾತೆತ್ತಬಾರ್ದು."

ಹುಡುಗಿಯ ತುತ್ತು ಬಾಯಿಯಲ್ಲೇ ನಿಂತಿತು. ನನಗೆ ಕರುಳು ಚುರುಕ್ ಎಂದಿತು ಎಂದು ಸುಳ್ಳು ಹೇಳುವುದಿಲ್ಲ. ನನಗೆ ಅನಿಸಿದ್ದು, ಇದು ನನ್ನ ವಿದ್ಯೆಗೆ ಬಂದ ಅವಕಾಶ!

"ನಾ ಅದೀನಿ ತಗೋ," ಎಂದೆ. "ದೆವ್ವದ ಉಸಾಬರಿ ನನಗ ಬಿಡು."

ರೇಣುಕಾ ನೋಟುಬುಕ್ಕು ತಂದು ಗೆರೆ ಎಳೆದಳು. ಹೆಸರು, ಊರು, ಯಾವುದಕ್ಕೆ ಅಂಜುತ್ತೀರಿ, ದೆವ್ವವನ್ನು ಕಣ್ಣಾರೆ ನೋಡಿದ್ದೀರಾ. ಮೊದಲು ನನ್ನ ಹೆಸರನ್ನೇ ಬರೆದಳು.

"ಕಣ್ಣಾರೆ ನೋಡೀಯೇನಜ್ಜಿ?"

"ಮೊದಲ ಮಂದೀನ್ನ ಕೇಳು. ನಂದು ಕಡೀಗೆ ಬರಕೊಳ್ಳೂವಂತಿ," ಎಂದು ಜಾರಿಕೊಂಡೆ. ನನ್ನ ಹೆಸರಿನ ಮುಂದಿನ ಜಾಗ ಖಾಲಿ ಉಳಿಯಿತು.

ಸಂಶೋಧನೆಗೆಂದು ಇಬ್ಬರೂ ಬಸ್ಸು ಹತ್ತಿ ತುರ್ವಿಹಾಳಕ್ಕೆ ಹೋದೆವು. ಅಲ್ಲಿ ಒಬ್ಬ ರೈತನನ್ನು ಕೇಳಿದರೆ, "ನಮ್ಮ ಪಾಳಿ ಬಂದ ದಿನಾನೇ ಕಾಲುವಿ ನೀರು ನಿಲ್ಲತೈತಲ್ಲ, ಅದಕ್ಕ ಅಂಜತೀನ್ರೀ," ಎಂದ. ಒಬ್ಬ ಸೊಸೆ ಹಿಂದೆ ಮುಂದೆ ನೋಡಿ, "ನಮ್ಮತ್ತಿಗಿ," ಎಂದು ಪಿಸುಗುಟ್ಟಿದಳು. ಆ ಅತ್ತೆಯನ್ನು ಕೇಳಿದರೆ ಅವಳೂ ಹಿಂದೆ ಮುಂದೆ ನೋಡಿ, "ನಮ್ಮ ಸೊಸಿಗಿ," ಎಂದಳು. ರೇಣುಕಾ ಎರಡನ್ನೂ ಬರೆದುಕೊಂಡಳು.

ದೆವ್ವವನ್ನು ಮಾತ್ರ ಯಾರೂ ನೋಡಿರಲಿಲ್ಲ. ತುರ್ವಿಹಾಳದವರು, "ಇಲ್ಲಿಲ್ಲ, ಮಸ್ಕ್ಯಾಗ ಐತಂತ," ಎಂದರು. ಮಸ್ಕಿಯವರು, "ಸಂತೆಕಲ್ಲೂರಾಗ ಭಾಳ," ಎಂದರು. ಸಂತೆಕಲ್ಲೂರಿನವರು, "ಅದೆಲ್ಲ ತುರ್ವಿಹಾಳದ ಕಡಿ ನೋಡ್ರೀ," ಎಂದರು. ಎಲ್ಲರ ದೆವ್ವವೂ ಮುಂದಿನ ಊರಿನಲ್ಲಿತ್ತು. ಮೂರು ದಿನ ತಿರುಗಿ ನಾವು ಹೊರಟಲ್ಲಿಗೇ ಬಂದೆವು!

ನನಗೆ ನಿಜವಾಗಿ ಸೋಜಿಗವಾಗಿದ್ದು ಇದೇ. ನೋಡದೇ ಇರುವ ಒಂದಕ್ಕೆ ಇಷ್ಟು ಮಂದಿ ಇಷ್ಟು ವರ್ಷ ಅಂಜುತ್ತಾರಲ್ಲ, ಆ ಅಂಜಿಕೆ ಎಲ್ಲಿಂದ ಬರುತ್ತದೆ? ರೇಣುಕಾಗೆ ಅದು ಗೊತ್ತಿತ್ತು. ನಮ್ಮೂರಿನ ಖಾಜಾ ಎಂಬ ಮದುವೆ ವಿಡಿಯೋದವನ ಅಂಗಡಿಯಲ್ಲಿ ಕುಳಿತು, ಗಡಿಯಾರ ಹಿಡಿದುಕೊಂಡು, ಎಂಟು ದೆವ್ವದ ಕ್ಯಾಸೆಟ್ಟು ನೋಡಿದ್ದಳು. ಅವನ ಮದುವೆ ಕ್ಯಾಸೆಟ್ಟುಗಳ ಮೇಲೆ ವಧೂವರರ ಹೆಸರನ್ನು ಚೆಂದಾಗಿ ಬರೆದುಕೊಡುವವಳು ಇವಳೇ. ಹಾಗಾಗಿ ಒಂದು ದಿನದ ಮಟ್ಟಿಗೆ ಕ್ಯಾಮೆರಾ ಸಮೇತ ತಾನೇ ಬರುವುದಾಗಿ ಅವನು ಮಾತು ಕೊಟ್ಟಿದ್ದ.

"ಆರಂಭದಾಗ ದೆವ್ವನ್ನ ತೋರಸಬಾರ್ದಜ್ಜಿ. ತೋರಸಿದ್ರ ಅಂಜಿಕಿ ಹೋಗತೈತಿ."

"ದೆವ್ವದ ಸಿನಿಮಾದಾಗ ದೆವ್ವ ಇಲ್ಲಂದ್ರ? ಮದುವಿಗಿ ಕರದು ಊಟ ಹಾಕಲಾರದಂಗಾತಲ್ಲೇ!"

"ಒಂದು ಹಳೇ ಮನಿ. ಯಾರೂ ಇಲ್ಲ. ಒಂದು ಖಾಲಿ ತೊಟ್ಲ. ತಾನ ತೂಗಾಕತ್ತೈತಿ. ಅಷ್ಟ."

ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಯಾಕೆಂದು ಕೇಳಿದರೆ, ಖಾಲಿ ತೊಟ್ಟಿಲನ್ನು ತೂಗಬಾರದು. ನಮ್ಮ ಕಡೆ ಹಾಲುಗಲ್ಲದ ಮಗುವಿಗೂ ಇದು ಗೊತ್ತು. ತೂಗಿದರೆ ಅದರಲ್ಲಿ ಮಲಗಬೇಕಾದ ಕೂಸಿಗೆ ಹೊಟ್ಟೆನೋವು ಬರುತ್ತದೆ. ಆದರೆ ಪಂಡಿತಳಾದ ನಾನು ಇದನ್ನೆಲ್ಲ ಬಾಯಿಬಿಟ್ಟು ಹೇಳಿ ಅಂಜುಬುರುಕಿ ಅನ್ನಿಸಿಕೊಳ್ಳಲೇ? "ಆತು," ಎಂದೆ.

ಹಳೇ ಮನೆ ಸಿಕ್ಕಿತು. ಸಂತೆಕಲ್ಲೂರಿನಲ್ಲಿ ನನ್ನ ತಂಗಿಯದು, ಈಗ ಜೋಳದ ಸೊಪ್ಪೆ ಒಟ್ಟಲು ಇಟ್ಟುಕೊಂಡದ್ದು. ತೊಟ್ಟಿಲು ಸಿಕ್ಕಿದ್ದು ಮಸ್ಕಿಯಲ್ಲಿ, ನನ್ನ ಬೀಗತಿ ಈರವ್ವನ ಮನೆಯಲ್ಲಿ. ಕಾಲಿನ ಮೇಲೆ ನಿಲ್ಲುವ ಸಾಗವಾನಿ ತೊಟ್ಟಿಲು. ಅವಳ ಸೊಸೆಗೆ ಆಗ ಏಳು ತಿಂಗಳು.

"ಒಯ್ಯಿ, ಬ್ಯಾಡನ್ನಂಗಿಲ್ಲ," ಎಂದಳು ಈರವ್ವ. "ಖಾಲಿ ಮಾತ್ರ ತೂಗಬ್ಯಾಡ್ರೆವ್ವಾ. ನನ್ನ ಸೊಸಿ ಬಸುರಿ ಅದಾಳ. ಆಣಿ ಮಾಡು."

ನಾನು ಆಣೆ ಮಾಡಿದೆ. ಇತ್ತ ಮೊಮ್ಮಗಳಿಗೆ ಖಾಲಿ ತೊಟ್ಟಿಲು ತೂಗಿಸುವ ಮಾತು, ಅತ್ತ ಬೀಗತಿಗೆ ತೂಗಿಸದ ಆಣೆ. ಎರಡನ್ನೂ ಸೆರಗಿಗೆ ಗಂಟು ಹಾಕಿಕೊಂಡು ಬಸ್ಸಿನ ಮೇಲೆ ತೊಟ್ಟಿಲು ಏರಿಸಿದೆ.

ಲಗ್ನವಾಗದ ಹುಡುಗಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ತಲೆಯ ಮೇಲೆ ತೊಟ್ಟಿಲು ಹೇರಿಕೊಂಡು ಬಸ್ಸಿನಲ್ಲಿ ಹೋಗಬಾರದು ಎಂಬುದು ನನಗೆ ಕಂಡಕ್ಟರ್ ಬಾಯಿ ತೆರೆದಾಗಲೇ ಹೊಳೆದದ್ದು.

"ಏನ್ ಯಮ್ಮಾ, ಗಂಡೋ ಹೆಣ್ಣೋ?"

"ದೆವ್ವ!" ಎಂದೆ.

ಮುಂದಿನ ಸೀಟಿನ ಹೆಂಗಸು ತನ್ನ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ರೇಣುಕಾ ಕಿಟಕಿಯಿಂದ ಹೊರಗೆ ನೋಡುತ್ತ, "ಸುಮ್ಮನ ಕುಂದ್ರು ಬೇ ಅಜ್ಜಿ," ಎಂದು ಹಲ್ಲು ಕಡಿದಳು. ಆ ಸುದ್ದಿ ನಮಗಿಂತ ಮೊದಲು ಸಿಂಧನೂರು ಮುಟ್ಟಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಖಾಜಾ ಮಧ್ಯಾಹ್ನಕ್ಕೆ ಬಂದ. ಬಾಗಿಲು ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದರು. ಮಾಳಿಗೆಯ ಬೆಳಕಿಂಡಿಯಿಂದ ಒಂದೇ ಒಂದು ಬಿಸಿಲುಕೋಲು ತೊಟ್ಟಿಲ ಮೇಲೆ ಬೀಳುತ್ತಿತ್ತು. ಹಗಲು ಹನ್ನೆರಡು ಗಂಟೆಗೆ ಆ ಮನೆ ಹಾಗೆ ಕಾಣುತ್ತದೆಂದು ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ. ಅದೇ ಮನೆಯಲ್ಲಿ ನಾನು ಎಷ್ಟೋ ಸಲ ರೊಟ್ಟಿ ಬಡಿದಿದ್ದೆ!

"ಬ್ಯಾಟ್ರಿ ಒಂದ ಸಲಕ್ಕ ಸಾಕಾಗತೈತಿ," ಎಂದ ಖಾಜಾ. "ಎರಡನೇ ಸಲ ಇಲ್ಲ. ಹೋಶಿಯಾರ್ ಇರ್ರಿ."

ನನ್ನ ಕೆಲಸ ಏನೆಂದರೆ, ಅಡುಗೆಮನೆಯ ಬಾಗಿಲ ಹಿಂದೆ ನಿಂತು ತೊಟ್ಟಿಲಿಗೆ ಕಟ್ಟಿದ ಕರೀ ದಾರವನ್ನು ಮೆಲ್ಲಗೆ ಎಳೆಯುವುದು, ಬಿಡುವುದು.

"ಮಾರಿ ಹೊರಗ ಹಾಕಬ್ಯಾಡ ಅಜ್ಜಿ. ಏನರ ಆಗಲಿ, ಮಾರಿ ಹೊರಗ ಹಾಕಬ್ಯಾಡ."

"ನಾ ಏನ್ ಸಣ್ಣ ಕೂಸೇನ?"

ಅವರಿಬ್ಬರೂ ಕ್ಯಾಮೆರಾದ ಮೂರು ಕಾಲು ನಿಲ್ಲಿಸುವ ಗಡಿಬಿಡಿಯಲ್ಲಿದ್ದರು. ನಾನು ನನ್ನ ಆಣೆ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿದ್ದೆ. ಹೆಸರಿಡುವ ದಿನ ನಾವು ಏನು ಮಾಡುತ್ತೇವೆ? ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುತ್ತೇವೆ. ಅದಕ್ಕೆ ಕುಂಚಿಗೆ ಕಟ್ಟಿ, ಗುಂಡಪ್ಪ ಎಂದು ಕರೆದು, ಕೂಸೆಂದೇ ತಿಳಿದು ತೂಗುತ್ತೇವೆ. ಅಂದ ಮೇಲೆ ಗುಂಡುಕಲ್ಲಿದ್ದ ತೊಟ್ಟಿಲು ಖಾಲಿ ಅಲ್ಲ! ನ್ಯಾಯ ನ್ಯಾಯವೇ. ಒರಳಿನ ಗುಂಡನ್ನು ಎತ್ತಿಕೊಂಡು ಹೋಗಿ, ತೊಟ್ಟಿಲ ಜೊತೆಗೇ ಬಂದಿದ್ದ ಹಳೇ ಕುಂಚಿಗೆಯನ್ನು ಅದರ ತಲೆಗೆ ಕಟ್ಟಿ, ಮಲಗಿಸಿ, ದೃಷ್ಟಿಯಾಗದಿರಲೆಂದು ನೆಟಿಕೆಯನ್ನೂ ಮುರಿದು ಬಂದೆ.

ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ತೊಟ್ಟಿಲು ಮಾತ್ರ ತೂಗಲಿಲ್ಲ!

ದಾರ ಎಳೆದೆ, ಹರಿಯಿತು. ಜೋಡಿಸಿ ಗಂಟು ಹಾಕಿ ಎಳೆದೆ, ಮತ್ತೆ ಹರಿಯಿತು. ಹದಿನಾರು ಸೇರಿನ ಕೂಸು ಅದು, ಹೊಲಿಗೆ ದಾರಕ್ಕೆ ಅಲುಗಿತೇ?

"ಅಜ್ಜೀ, ತಯಾರೇನ?" ರೇಣುಕಾ ಆಚೆಯಿಂದ ಕೂಗಿದಳು.

"ತಯಾರ್!" ಎಂದೆ. ಮೂಲೆಯಲ್ಲಿ ಎತ್ತಿನ ಹಗ್ಗ ಬಿದ್ದಿತ್ತು. ತೊಟ್ಟಿಲ ಹಿಂದಿನ ಪಟ್ಟಿಗೆ ಸರ್ರನೆ ಬಿಗಿದೆ. ಕತ್ತಲಲ್ಲಿ ಯಾರಿಗೆ ಕಾಣುತ್ತದೆ?

ಕ್ಯಾಮೆರಾದಲ್ಲಿ ಕೆಂಪು ದೀಪ ಹತ್ತಿತು. ನಾನು ಹಗ್ಗ ಜಗ್ಗಿದೆ. ತೊಟ್ಟಿಲು ಕಿರ್ರೆಂದಿತು. ಇನ್ನೊಮ್ಮೆ ಜಗ್ಗಿದೆ. ಕಿರ್ರ್. ಚೆಂದ ತೂಗುತ್ತಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಉಮೇದು ಬಂದರೆ ನಾನು ನಿಲ್ಲುವವಳಲ್ಲ. ಬಾವಿಯಿಂದ ನೀರು ಸೇದುವವಳ ಹಾಗೆ ಎರಡೂ ಕೈಯಿಂದ ಜಗ್ಗಿದೆ.

ಗುಂಡಪ್ಪ ತೊಟ್ಟಿಲು ಬಿಟ್ಟು ಹಾರಿದ.

ನೆಲಕ್ಕೆ ಧಡ್ ಎಂದು ಬಿದ್ದವನು ಅಲ್ಲಿಯೇ ಇರಬಾರದೇ? ಕುಂಚಿಗೆ ಸಮೇತ ಗುಡುಗುಡು ಉರುಳುತ್ತ ನೇರ ಕ್ಯಾಮೆರಾದ ಕಡೆಗೇ ಹೋದ. "ಯಾ ಅಲ್ಲಾ!" ಎಂದು ಖಾಜಾ ಹಿಂದಕ್ಕೆ ನೆಗೆದು ಸೊಪ್ಪೆಯ ಒಟ್ಟಿಲಲ್ಲಿ ಮುಳುಗಿದ. ಕ್ಯಾಮೆರಾ ಒಂದು ಕಡೆಗೆ ವಾಲಿತು. ರೇಣುಕಾ ಓಡಿಹೋಗಿ ಬೀಳದಂತೆ ತಬ್ಬಿಕೊಂಡಳು. ಇಷ್ಟೆಲ್ಲ ಸದ್ದು ಕೇಳಿದ ಮೇಲೆ, ಏನಾಯಿತು ಎಂದು ನೋಡದೇ ಇರಲು ನಾನೇನು ಕಲ್ಲೇ? ಕಲ್ಲೇ ನಿಲ್ಲಲಿಲ್ಲ! ಬಾಗಿಲ ಸಂದಿಯಿಂದ ಒಂದು ಗಳಿಗೆ ಇಣುಕಿದೆ. ಕೆಂಪು ದೀಪ ಇನ್ನೂ ಇದೆಯೋ ಹೋಯಿತೋ ಎಂದು ಕತ್ತು ಓರೆ ಮಾಡಿ ನೋಡಿದೆ. ನೋಡುತ್ತಿದ್ದಂತೆ ಅದು ಆರಿತು. ಬ್ಯಾಟರಿ ಮುಗಿದಿತ್ತು.

ರೇಣುಕಾ ಗುಂಡುಕಲ್ಲನ್ನು ನೋಡಿದಳು, ಕುಂಚಿಗೆ ನೋಡಿದಳು, ಹಗ್ಗ ನೋಡಿದಳು. ಕಡೆಗೆ ನನ್ನನ್ನು ನೋಡಿದಳು. ಅಳುವ ಹುಡುಗಿಯಲ್ಲ ಅವಳು. ತೊಟ್ಟಿಲ ಪಕ್ಕ ನೆಲದ ಮೇಲೆ ಕುಳಿತು, "ಟೈಪಿಂಗ್ ಕ್ಲಾಸು ಮುಂಜಾನಿ ಇರತೈತೋ ಸಂಜಿಗೋ, ಅಜ್ಜಿ?" ಎಂದಳು.

ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಈರವ್ವನಿಗೆ ಮಾಡಿದ ಆಣೆಯ ಕಥೆ ಹೇಳಿದೆ. "ಮೊದಲ ಹೇಳಿದ್ರ ತೊಟ್ಲದ ಬದಲಿ ತೂಗೋ ಮರದ ಕುದುರಿ ಇಡತಿದ್ನಲ್ಲಜ್ಜಿ," ಎಂದಳು. ಹೌದಲ್ಲ! ಹೇಳಬಹುದಿತ್ತು. ಅಂಜುತ್ತೇನೆ ಎಂದು ಹೇಳುವ ಅಂಜಿಕೆಗೆ ಹೇಳಿರಲಿಲ್ಲ.

ಮನೆಗೆ ಬಂದರೆ ಬಸವರಾಜ ಅಂಗಳದಲ್ಲೇ ನಿಂತಿದ್ದ. "ಯಾರ ತೊಟ್ಲ ಯವ್ವಾ ಅದು? ಓಣಿ ಮಂದಿ ನನ್ನ ಮಾರಿ ನೋಡಾಕತ್ತ್ಯಾರ!" ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ನನ್ನ ಗಂಟಲು ಒಣಗಿತು.

ಮರುದಿನ ರೇಣುಕಾ ಖಾಜಾನ ಅಂಗಡಿಗೆ ಹೋಗಿ ಆ ಕ್ಯಾಸೆಟ್ಟು ನೋಡಿಕೊಂಡು ಬಂದಳು. ನಾನು ಅಕ್ಕಿ ಹಸನು ಮಾಡುತ್ತಿದ್ದೆ. ಎದುರು ಕುಳಿತು ನನ್ನ ಮುಖವನ್ನೇ ನೋಡಿದಳು.

"ಏನಲೇ?"

"ಏನಿಲ್ಲ. ಲಿಂಗಸುಗೂರಾಗ ತೋರಸೋ ದಿನ ನೀ ಬರಬೇಕು."

ಮಾಡಿದ ತಪ್ಪನ್ನು ಎಲ್ಲರ ಮುಂದೆ ತೋರಿಸಲು ಕರೆಯುತ್ತಿದ್ದಾಳೆ ಎಂದುಕೊಂಡೆ. ಇರಲಿ, ಅನುಭವಿಸಬೇಕು. ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಮಗನನ್ನೂ ಕರೆದುಕೊಂಡು ಹೋದೆ. ಕಾಲೇಜಿನ ಹಾಲಿನಲ್ಲಿ ಮೊದಲ ಸಾಲಿನಲ್ಲೇ ಕೂಡಿಸಿದರು. ಮೇಜಿನ ಮೇಲೆ ಟೀವಿ. ಬೇರೆ ಮಕ್ಕಳ ಸಿನಿಮಾಗಳಲ್ಲಿ ಬಿಳೀ ಸೀರೆಯವರು ಬಂದರು, ಹೋದರು. ಮಂದಿ ನಕ್ಕರು. ನಾನೂ ನಕ್ಕೆ. ಇವರಿಗೆ ದೆವ್ವದ ಬಗ್ಗೆ ಏನೂ ಗೊತ್ತಿಲ್ಲ ಎಂದು ಮಗನ ಕಿವಿಯಲ್ಲಿ ಹೇಳಿದೆ.

ಆಮೇಲೆ ನಮ್ಮದು ಬಂತು.

ಕತ್ತಲು. ಒಂದು ಬಿಸಿಲುಕೋಲು. ತೊಟ್ಟಿಲು ಕಿರ್ರೆಂದಿತು. ಒಳಗೆ ಕುಂಚಿಗೆ ಕಾಣುತ್ತಿತ್ತು, ಕುಂಚಿಗೆಯೊಳಗೆ ಮುಖವಿರಲಿಲ್ಲ. ನಾನೇ ಕಟ್ಟಿದ್ದು, ಆದರೂ ಮಗನ ತೋಳು ಹಿಡಿದುಕೊಂಡೆ. ಕೂಸು ಧಡ್ ಎಂದು ಬಿತ್ತು, ಉರುಳುತ್ತ ನಮ್ಮ ಕಡೆಗೇ ಬಂತು. ಮನೆಯೆಲ್ಲ ಓರೆಯಾಯಿತು. ಆಗ, ದೂರದ ಬಾಗಿಲ ಸಂದಿಯಲ್ಲಿ, ಮೆಲ್ಲಗೆ, ಒಂದು ಮುಖ ಹೊರಬಂತು. ಕೆದರಿದ ಬಿಳೀ ಕೂದಲು. ಹಲ್ಲಿಲ್ಲದ ತೆರೆದ ಬಾಯಿ. ಆ ಕಣ್ಣು! ಅದು ಕತ್ತು ಓರೆ ಮಾಡಿ, ಹಾಲಿನಲ್ಲಿ ಕುಳಿತ ಎಲ್ಲರನ್ನೂ ಬಿಟ್ಟು, ನೇರ ನನ್ನನ್ನೇ ನೋಡಿತು.

ಟೀವಿ ಕಪ್ಪಾಯಿತು.

ಹಾಲಿಗೆ ಹಾಲೇ ಚೀರಿತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚೀರಿದವಳು ನಾನು. "ಯಪ್ಪಾ! ಯಾರಲೇ ಆ ಹಾಳ ಮುದುಕಿ!" ಎಂದು ಮಗನ ತೊಡೆಯ ಮೇಲೆ ಏರಲು ಹೋದೆ.

ರೇಣುಕಾ ಹಿಂದಿನಿಂದ ಬಗ್ಗಿ, "ನೀನ ಅಜ್ಜಿ," ಎಂದಳು.

ಹೊರಗಿನಿಂದ ಆರಿಸಲು ಬಂದಿದ್ದ ದೊಡ್ಡ ಸಾಹೇಬರು ಎದೆಯ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತರು. "ಎರಡು ನಿಮಿಷದಲ್ಲಿ ಇಷ್ಟು ಭಯ! ತೊಟ್ಟಿಲಿಗೆ ಕಲ್ಲು ಹಾಕಿದ ಕಲ್ಪನೆ ಅದ್ಭುತ. ಅದಿರಲಿ, ಆ ದೆವ್ವದ ಮೇಕಪ್ ಯಾರು ಮಾಡಿದರು?"

ರೇಣುಕಾ ನೆಲ ನೋಡಿದಳು. ನಾನೇ ಎದ್ದೆ.

"ನಾನ ರೀ. ಮುಂಜಾನಿ ಮಾರಿ ತೊಳಕೊಂಡಿದ್ದೆ, ಅಷ್ಟ."

ರೇಣುಕಾಳನ್ನು ಆರಿಸಿದರು. ಬಸವರಾಜ ಮಾತಿಗೆ ತಪ್ಪಲಿಲ್ಲ, ತಾನೇ ಟ್ರಂಕು ಹೊತ್ತು ಧಾರವಾಡದ ಬಸ್ಸು ಹತ್ತಿಸಿ ಬಂದ. ಈರವ್ವನ ಸೊಸೆಗೆ ಹೆಣ್ಣು ಹುಟ್ಟಿತು. ಹೊಟ್ಟೆನೋವೂ ಇಲ್ಲ, ಏನೂ ಇಲ್ಲ. ನನ್ನನ್ನು ನೋಡಿದರೆ ಮಾತ್ರ ಚಿಟ್ಟನೆ ಚೀರುತ್ತಿತ್ತು.

ರೇಣುಕಾ ಹೋದ ಮೇಲೆ ಅವಳ ನೋಟುಬುಕ್ಕು ಗೋಡೆಯ ಮಾಡದಲ್ಲಿ ಸಿಕ್ಕಿತು. ಮೊದಲ ಸಾಲಿನಲ್ಲಿ ನನ್ನ ಹೆಸರು, ಅದರ ಮುಂದೆ ಖಾಲಿ ಜಾಗ. ದೆವ್ವವನ್ನು ಕಣ್ಣಾರೆ ನೋಡಿದ್ದೀರಾ? ಅವಳೇ ಕಲಿಸಿಕೊಟ್ಟಿದ್ದ ನಾಲ್ಕು ಅಕ್ಷರಗಳನ್ನು ಸೊಟ್ಟಗೆ ಜೋಡಿಸಿ, ಬಹಳ ಹೊತ್ತು ಹಿಡಿದು ಬರೆದೆ.

"ನೋಡೇನಿ. ನಮ್ಮ ಮನ್ಯಾಗ ಐತಿ."