ಹೆಸರು ಹೇಳದ ಹಾರ್ನು

ಕೊಡಗಿನ ಗಡಿಯ ಒಂದು ಕಾಫಿ ತೋಟದಿಂದ ಹನಗೋಡಿನ ಮಂಟಯ್ಯನಿಗೆ ಇಪ್ಪತ್ತಾರು ದಿನದ ಕೂಲಿ ಇನ್ನೂ ಬರಬೇಕು. ಸಾಹುಕಾರ ತೋಟ ಮಾರಿಕೊಂಡು ಹೊರಟ ದಿನ ಇವನು ಗೇಟಿಗೆ ಅಡ್ಡ ಕೂತ. ಸಾಹುಕಾರ ಜೀಪಿನಿಂದಿಳಿದು, ದುಡ್ಡಿನ ಬದಲು ಒಂದು ಟೇಪ್ ರೆಕಾರ್ಡರನ್ನೂ ಒಂದು ರಟ್ಟಿನ ಡಬ್ಬದ ತುಂಬ ಕ್ಯಾಸೆಟ್ಟುಗಳನ್ನೂ ಕೈಗಿಟ್ಟು, "ಇದರ ಬೆಲೆ ನಿನಗೆ ಗೊತ್ತಾಗಲ್ಲ ಮಂಟಯ್ಯ" ಅಂದ. ಅರ್ಧ ಆಯಸ್ಸು ರೈತ ಚಳವಳಿಯಲ್ಲಿ ಕಳೆದವನಿಗೆ "ನಿನಗೆ ಗೊತ್ತಾಗಲ್ಲ" ಅಂದರೆ ಮುಗಿಯಿತು. ಗೊತ್ತು ಮಾಡಿಕೊಂಡೇ ತೀರುತ್ತೇನೆ ಎಂದು ಡಬ್ಬ ಹೊತ್ತುಕೊಂಡು ಊರಿಗೆ ಬಂದ.

ಹದಿನಾಲ್ಕು ಕ್ಯಾಸೆಟ್ಟಿನಲ್ಲೂ ಒಬ್ಬನೇ ಮನುಷ್ಯ, ಒಂದೇ ಗಿಟಾರು. ಸ್ಪೇನ್ ದೇಶದವನಂತೆ. ಅವನ ಹೆಸರು ಹೇಳಲು ಹೋಗಿ ಎರಡು ಸಲ ನಾಲಗೆ ಕಚ್ಚಿಕೊಂಡ ಮೇಲೆ ಮಂಟಯ್ಯ ಅವನಿಗೆ "ಮೇಷ್ಟ್ರು" ಎಂದು ನಾಮಕರಣ ಮಾಡಿದ. ಮೊದಮೊದಲು ಏನೂ ಹತ್ತಲಿಲ್ಲ. ಹಾಡಿಲ್ಲ, ತಾಳವಿಲ್ಲ, ಕೊನೆಗೊಂದು ಬೈಗುಳವೂ ಇಲ್ಲ. ಆರು ತಿಂಗಳು ಹಟ ಹಿಡಿದು ಕೂತ ಮೇಲೆ ಗಿಟಾರು ಗುಟ್ಟು ಬಿಟ್ಟುಕೊಟ್ಟಿತು. ಮೇಷ್ಟ್ರ ಹೆಬ್ಬೆರಳು ದಪ್ಪ ತಂತಿಯಲ್ಲಿ ಉಳುತ್ತ ಹೋಗುತ್ತದೆ, ಮಿಕ್ಕ ಬೆರಳುಗಳು ಸಾಲು ಹಿಡಿದು ಬಿತ್ತುತ್ತ ಬರುತ್ತವೆ. ಒಬ್ಬನೇ ಆಳು, ಎರಡು ಬೇಸಾಯ! ಕೈ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ, ಹೊಗೆಸೊಪ್ಪು ಪೋಣಿಸುವ ಹೆಂಗಸರು ದಾರ ಎಳೆದಂತೆ ಸರ್ರೆಂದು ಸದ್ದು. ಏಳನೆಯ ಕ್ಯಾಸೆಟ್ಟಿನಲ್ಲಿ ಕೇಳುಗರ ನಡುವೆ ಯಾವನೋ ಕೆಮ್ಮುತ್ತಾನೆ. ಮಂಟಯ್ಯನಿಗೆ ಆ ಕೆಮ್ಮೆಂದರೆ ಪ್ರಾಣ. ಮೇಷ್ಟ್ರ ಎದುರು ಇನ್ನೊಂದು ಜೀವ ಕೂತಿತ್ತು ಎಂಬುದಕ್ಕೆ ಅದೊಂದೇ ಸಾಕ್ಷಿ.

ಇಲ್ಲಿ ಆ ಇನ್ನೊಂದು ಜೀವಕ್ಕೇ ಬರ. ಹೆಂಡತಿ ಭದ್ರಮ್ಮ ಮನೆಯಲ್ಲಿದ್ದಾಗ ಅಡುಗೆಮನೆಯಿಂದ, "ಆ ಟೊಂಯ್ ಟೊಂಯ್ ನಿಲ್ಸ್ತೀರಾ, ಇಲ್ಲ ಮುದ್ದೆ ಗಂಟಾಗ್ಲಾ?" ಅನ್ನುತ್ತಿದ್ದಳು. ಬೈಗುಳವಾದರೂ ಕೇಳಿಸಿಕೊಂಡ ಗುರುತು. ಅವಳು ಮಗಳು ರಮ್ಯಳ ಎರಡನೆಯ ಬಾಣಂತನಕ್ಕೆಂದು ಭೇರ್ಯಕ್ಕೆ ಹೋಗಿ ನಲವತ್ತು ದಿನವಾಗಿತ್ತು. ಮಂಟಯ್ಯ ಇರುವ ಎರಡು ಕುರ್ಚಿಗಳನ್ನೂ ದಿನಾ ಒರೆಸುತ್ತಿದ್ದ. ಕೂರುತ್ತಿದ್ದದ್ದು ಒಂದರ ಮೇಲೆ.

ಮೂರು ಮನೆ ಆಚೆ ಸಣ್ಣಬೀರಯ್ಯನಿದ್ದ. ಚಳವಳಿಯಲ್ಲಿ ಇಬ್ಬರೂ ಒಂದೇ ಜೈಲು ಕೋಣೆಯಲ್ಲಿ ಹನ್ನೊಂದು ದಿನ ಮಲಗಿದವರು. ಮಂಟಯ್ಯ ಅವನನ್ನು ಬೀದಿಯಲ್ಲಿ ತಡೆದ.

"ಬಾರ್ಲಾ, ಒಂದ್ ಮಗ್ಗುಲು ಕ್ಯಾಸೆಟ್ಟು ಕೇಳ್ಕೊಂಡೋಗು."

"ಹಾಡೈತಾ?"

"ಇಲ್ಲ."

"ಡೈಲಾಗು?"

"ಇಲ್ಲ ಕಣ್ಲಾ."

"ಕಾಫಿ?"

"ಭದ್ರಿ ಊರಲ್ಲಿಲ್ಲ."

"ಅವ್ಳು ಬಂದ್ಮೇಲೆ ಬತ್ತೀನಿ ಬುಡು."

ಮಂಟಯ್ಯ ಅಲ್ಲೇ ನಿಂತು ಶಪಥ ಮಾಡಿದ. ಊರು ಮೇಷ್ಟ್ರ ಹತ್ತಿರ ಬರದಿದ್ದರೆ ಮೇಷ್ಟ್ರೇ ಊರಿಗೆ ಹೋಗುತ್ತಾರೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹನಗೋಡಿನ ಒಂದು ಕಿವಿಯೂ ತಪ್ಪಿಸಿಕೊಳ್ಳಬಾರದು. ತಾಲ್ಲೂಕು ಕಚೇರಿಯನ್ನೇ ನಡುಗಿಸಿದವನಿಗೆ ಇದೊಂದು ಲೆಕ್ಕವೇ?

ಆಯುಧ ಮನೆಯಲ್ಲೇ ಇತ್ತು. ರೈತರ ಸಂಘದ ಮೈಕ್‌ಸೆಟ್ ಮೊದಲಿನಿಂದಲೂ ಮಂಟಯ್ಯನ ವಶ, ಅದರ ಹಾರ್ನು ಅವನ ತಾರಸಿಯ ಮೇಲೆ. ಒಂದು ಕಾಲದಲ್ಲಿ ಅದು ರಸ್ತೆತಡೆಗೆ ಜನ ಕರೆಯುತ್ತಿತ್ತು. ಈಗ ಚಳವಳಿಯೆಲ್ಲ ವಾಟ್ಸಾಪಿಗೆ ಹೋಗಿ, ಹಾರ್ನಿಗೆ ಉಳಿದದ್ದು ಸಾವಿನ ಸುದ್ದಿಯೊಂದೇ. ಅದಕ್ಕೊಂದು ಕ್ರಮವಿತ್ತು. ಹಿಂದೊಮ್ಮೆ ಜನ ಹೆಸರನ್ನು ಅರ್ಧ ಕೇಳಿ, ಹಾರ ಹಿಡಿದು ಬೇರೆಯವರ ಮನೆಗೆ ಹೋಗಿ ಬೈಸಿಕೊಂಡಿದ್ದರು. ಅಂದಿನಿಂದ ಮೊದಲು ಹತ್ತು ನಿಮಿಷ ಮಾತಿಲ್ಲದ ಶಹನಾಯಿ. ಜನ ಕೆಲಸ ಬಿಟ್ಟು ಬಾಗಿಲಿಗೆ ಬಂದ ಮೇಲೆ ಮಂಟಯ್ಯನ ಗಂಟಲು: "ಬಂಧುಗಳೇ, ಇಂಥವರು..." ಎಂದು ಹೆಸರು, ಮನೆ, ಮಣ್ಣು ಮಾಡುವ ಹೊತ್ತು.

ಶಹನಾಯಿಗೂ ಗಿಟಾರಿಗೂ ವ್ಯತ್ಯಾಸ ಎಮ್ಮೆಗೂ ತಿಳಿಯುತ್ತದೆ ಎಂದು ಮಂಟಯ್ಯ ನಂಬಿದ್ದ. ಅದು ಊರಿನ ಮೇಲೆ ಅವನಿಗಿದ್ದ ಅತಿಯಾದ ಗೌರವ.

ಭಾನುವಾರ ಒಂಬತ್ತಕ್ಕೆ ಬಾಗಿಲು ಪೂರ್ತಿ ತೆರೆದಿಟ್ಟ. ಏಳನೆಯ ಕ್ಯಾಸೆಟ್ಟು ಹಾಕಿ, ವೈರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ, ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದ. ಮಾತಾಡಬಾರದು ಎಂದು ತೀರ್ಮಾನಿಸಿದ್ದ. ಸಾವಿರ ಭಾಷಣ ಮಾಡಿದ ಬಾಯಿ ಇದು, ಮೇಷ್ಟ್ರ ಮುಂದಾದರೂ ಮುಚ್ಚಿರಲಿ. ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆಗೆ ಚೆಲ್ಲಿದ.

ಹೊರಗೆ ಊರು ಕೆಲಸ ಬಿಟ್ಟು ಬಾಗಿಲಿಗೆ ಬಂತು. ಹತ್ತು ನಿಮಿಷ ಕಾಯಿತು. ಹೆಸರು ಬರಲಿಲ್ಲ. ಹದಿನೈದಾಯಿತು.

"ಯಾರಂತೆ?"

"ಹೆಸ್ರು ಏಳ್ತಾ ಇಲ್ವಲ್ಲ."

"ಏಳೋನು ಮಂಟಣ್ಣ ತಾನೆ?"

ಹೆಸರು ಹೇಳುವವನು ಹೆಸರು ಹೇಳುತ್ತಿಲ್ಲ ಅಂದರೆ ಹೋದವನು ಯಾರು ಎಂದು ಹನಗೋಡಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲು ಬಂದವಳು ಎದುರು ಮನೆಯ ಪುಟ್ಟಮಲ್ಲಮ್ಮ. ಕುರ್ಚಿಯಲ್ಲಿ ವಾಲಿದ್ದ ತಲೆ ನೋಡಿ "ಅಯ್ಯೋ ನನ್ನಪ್ಪ" ಎಂದು ಎದೆ ಬಡಿದುಕೊಂಡಳು. ಮಂಟಯ್ಯನ ಮೈ ಜುಂ ಅಂದಿತು. ಮೇಷ್ಟ್ರು ಅದೇ ತಾನೆ ನಿಧಾನದ ಭಾಗಕ್ಕೆ ಇಳಿದಿದ್ದರು. ಎಂಥ ಜಾಗದಲ್ಲಿ ಅತ್ತಳು! ಬೇಳೆ ಸಾಲ ಕೇಳಲು ಬರುವವಳ ಒಳಗೆ ಇಂಥ ರಸಿಕತೆ ಇತ್ತೆಂದು ಯಾರಿಗೆ ಗೊತ್ತಿತ್ತು? ಕಣ್ಣು ತೆರೆದರೆ ನಾಚಿಕೊಂಡಾಳೆಂದು ಮುಚ್ಚಿಯೇ ಇದ್ದ.

ಹೆಜ್ಜೆ ಸದ್ದು ಹೆಚ್ಚಿತು. ಚಾಪೆ ಬಿಚ್ಚಿದ ಸದ್ದು. ಮೂಗು ಸೀನಿದ ಸದ್ದು. ಯಾರೋ ಕೆಮ್ಮಿದರು, ಮೇಷ್ಟ್ರ ಕ್ಯಾಸೆಟ್ಟಿನಲ್ಲಲ್ಲ, ತನ್ನ ಮನೆಯಲ್ಲಿ, ಮೂರಡಿ ದೂರದಲ್ಲಿ. ಮಂಟಯ್ಯನ ಮುಚ್ಚಿದ ಕಣ್ಣಿನಂಚಿನಲ್ಲಿ ನೀರಾಡಿತು. ಆಮೇಲೆ ಕೊರಳಿಗೆ ತಣ್ಣಗೆ ಸೇವಂತಿಗೆ ಹಾರ ಬಿತ್ತು. ಸನ್ಮಾನ. ಊರು ಕಡೆಗೂ ಅರ್ಥ ಮಾಡಿಕೊಂಡಿತು. ಊದುಬತ್ತಿಯ ವಾಸನೆ ಸ್ವಲ್ಪ ಹೆಚ್ಚಾಯಿತು ಅನ್ನಿಸಿತು, ಇರಲಿ.

ಸಣ್ಣಬೀರಯ್ಯ ಗಂಟಲು ಸರಿ ಮಾಡಿಕೊಂಡ. "ಒಳ್ಳೆ ಮನ್ಸ ಆಗಿದ್ದ. ಜೈಲಲ್ಲಿ ತನ್ನ ಮುದ್ದೆ ಮುರ್ದು ನಂಗೆ ಅರ್ಧ ಕೊಡ್ತಿದ್ದ. ಮೊನ್ನೆನೂ ಕರ್ದ ಕಣ್ರಪ್ಪ. ಒಂದ್ ಲೋಟ ಕಾಫಿ ಲೆಕ್ಕ ಆಕ್ಬುಟ್ಟು ನಾನ್ ಬರ್ಲಿಲ್ಲ."

ಆಗಿದ್ದ? ಯಾವ ಸನ್ಮಾನದಲ್ಲೂ ಮನುಷ್ಯನನ್ನು ಹೀಗೆ ಮುಗಿಸಿಬಿಡುವುದಿಲ್ಲ. ಹಾರ, ಊದುಬತ್ತಿ, ಅಳು, ಎಲ್ಲ ಒಟ್ಟಿಗೆ ತಲೆಗೆ ಹೊಳೆದವು. ತಾನು ಸತ್ತಿದ್ದೇನೆ.

ಆಗಲೇ ಎದ್ದುಬಿಡಬೇಕಿತ್ತು. ಆದರೆ ಎದ್ದರೆ ಇವರೆಲ್ಲ ಎದ್ದು ಹೋಗುತ್ತಾರೆ. ಕ್ಯಾಸೆಟ್ಟಿನ ಈ ಮಗ್ಗುಲಲ್ಲಿ ಇನ್ನೂ ನಾಲ್ಕು ನಿಮಿಷವಿದೆ, ಮೇಷ್ಟ್ರ ಕೈಚಳಕವೆಲ್ಲ ಆ ನಾಲ್ಕು ನಿಮಿಷದಲ್ಲೇ ಇದೆ. ಮೂವತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ. ಇಂಥ ಸಭೆ ಬದುಕಿದ್ದವನಿಗೆ ಯಾವತ್ತು ಸಿಕ್ಕಿತ್ತು? ನಾಲ್ಕು ನಿಮಿಷ ಸತ್ತಿರೋಣ ಎಂದು ಮಂಟಯ್ಯ ಉಸಿರು ಸಣ್ಣ ಮಾಡಿದ. ಯಾರೋ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ದಾರ ಕಟ್ಟಿದರು. ಕಚಗುಳಿಯಾಯಿತು, ಸಹಿಸಿದ.

ಸಂಘದ ಕಾರ್ಯದರ್ಶಿ ನಂಜುಂಡೇಶ್ ಎದ್ದ. "ಭದ್ರಕ್ಕಂಗೆ ಫೋನ್ ಮಾಡಿವ್ನಿ. ಮೊದ್ಲು ಈ ಟೇಪ್ ನಿಲ್ಸಣ, ಹೆಸ್ರು ಅನೌನ್ಸ್ ಮಾಡ್ಬೇಕು."

"ಮುಟ್ಬೇಡ ಕಣ್ಲಾ," ಅಂತು ಹೆಣ. "ಇನ್ನೆರಡು ನಿಮಿಷ ಐತೆ."

ಪುಟ್ಟಮಲ್ಲಮ್ಮ ಗೋಡೆಗೆ ಒರಗಿ ಕುಸಿದಳು. ಇಬ್ಬರು ಹಿತ್ತಲಿಗೆ ಹಾರಿದರು. ಮಂಟಯ್ಯ ಏಳಲು ಹೋಗಿ, ಕಟ್ಟಿದ ಹೆಬ್ಬೆರಳು ಎಡವಿ, ಹಾರದ ಸಮೇತ ಟೇಪಿನ ಮೇಲೆ ಬಿದ್ದ. ಮೇಷ್ಟ್ರು ನಿಂತರು.

"ಸತ್ತಿಲ್ವಾ ನೀನು?" ಅಂದ ಸಣ್ಣಬೀರಯ್ಯ.

"ಇಲ್ಲ."

"ಮತ್ತೆ ಹಾರ್ನು ಯಾಕ್ ಆಕ್ದೆ?"

"ಎಲ್ರೂ ಕೇಳ್ಲಿ ಅಂತ."

"ಇದನ್ನ? ಸುಮ್ಸುಮ್ನೆ? ಬ್ಯಾರನ್ ಮನೇಲಿ ಹೊಗೆಸೊಪ್ಪು ಬೇಯಕ್ಕೆ ಬುಟ್ಟು ಬಂದಿವ್ನಿ ಕಣ್ಲಾ ನಾನು."

ಅಷ್ಟರಲ್ಲಿ ಮಂಟಯ್ಯನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಭದ್ರಮ್ಮ. ದನಿ ಒಡೆದಿತ್ತು.

"ಯಾರ್ ಮಾತಾಡ್ತಿರೋದು?"

"ನಾನೇ ಕಣೇ."

"ನೀವು ಸತ್ತಿದ್ದೀರಂತಲ್ಲ?"

"ಇಲ್ಲ. ಟೇಪ್ ಹಾಕಿದ್ದೆ."

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ, "ಬಂದೋರ್ಗೆ ಕಾಫಿ ಕೊಟ್ರಾ?"

"ಇಲ್ಲ."

"ನಾ ಬರ್ಲಾ?"

ಬಾ ಎನ್ನುವುದು ನಾಲಗೆಯ ತುದಿಯಲ್ಲಿತ್ತು. ಹಿಂದೆ ಮಗು ಅಳುತ್ತಿತ್ತು. "ಬ್ಯಾಡ. ಮಗೀಗೆ ನೀರಾಕು ಓಗು," ಅಂದ.

ನಂಜುಂಡೇಶ್ ಏಣಿ ತಂದು ತಾರಸಿಯ ಹಾರ್ನು ಬಿಚ್ಚಿಕೊಂಡ. ಇನ್ನು ಮೇಲೆ ಅದು ಅವನ ಮನೆಯಲ್ಲಂತೆ. ಜನ ಮಂಟಯ್ಯನ ಕಡೆ ನೋಡದೆ, ಸತ್ತವನ ಮನೆಯಿಂದ ಎದ್ದಂತೆಯೇ ಹೇಳದೆ ಕೇಳದೆ ಹೊರಟರು. ಸಣ್ಣಬೀರಯ್ಯ ಕೊನೆಯವನು. ಹೊಸಿಲಲ್ಲಿ ನಿಂತ. ಮಂಟಯ್ಯ ಆಸೆಯಿಂದ ತಲೆಯೆತ್ತಿದ.

"ಕೇಳಕ್ಕೇನೋ ಚೆನ್ನಾಗೇ ಇತ್ತು ಕಣ್ಲಾ," ಅಂದ ಸಣ್ಣಬೀರಯ್ಯ. "ಮಿಕ್ಕಿದ್ದನ್ನ ನೀನು ನಿಜವಾಗ್ಲೂ ಸತ್ತಾಗ ಬಂದು ಕೇಳ್ತೀನಿ."

ಹೋದ.

ಓದುಗರೇ, ನಕ್ಕಿದ್ದು ಸಾಕು. ಹುಣಸೂರು ಬಸ್‌ಸ್ಟ್ಯಾಂಡಿಗೆ ಹೋಗಿ ಹನಗೋಡಿನ ಬಸ್ಸು ಹತ್ತಿ. ಮಂಟಯ್ಯನ ಮನೆ ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ, ನಗುತ್ತ ತೋರಿಸುತ್ತಾರೆ. ಅವನು ಟೇಪು ರಿಪೇರಿ ಮಾಡಿಸಿದ್ದಾನೆ. ಕಾಫಿ ಕೇಳಬೇಡಿ. ಏಳನೆಯ ಕ್ಯಾಸೆಟ್ಟಿನ ಎರಡನೆಯ ಮಗ್ಗುಲನ್ನು ಆ ಊರಿನಲ್ಲಿ ಅವನ ಹೊರತು ಯಾರೂ ಕೇಳಿಲ್ಲ. ಮನುಷ್ಯ ಇನ್ನೂ ಬದುಕಿದ್ದಾನೆ. ಈ ಭಾನುವಾರ ಬರುತ್ತೀರೋ, ಇಲ್ಲವೋ?